ಹೊಸ ರೈಫಲ್ಲಿಗೆ ಮನೆಯಲ್ಲೇ ತೋಟಾ: ಗುಂಡು, ಮದ್ದು, ಹಿತ್ತಾಳೆ, ಪ್ರೈಮರ್‌ಗಳ ಒಂದು ವರ್ಷದ ಪರೀಕ್ಷೆ

ಕಳೆದ ಅಕ್ಟೋಬರಿನಲ್ಲಿ ನಾನು 6.5 ಕ್ರೀಡ್‌ಮೂರ್ ಅಳತೆಯ, 24 ಅಂಗುಲ ನಳಿಗೆಯ ಟಿಕ್ಕಾ ಟಿ3ಎಕ್ಸ್ ರೈಫಲ್ಲೊಂದನ್ನು ಕೊಂಡೆ. ಅಂದಿನಿಂದ ಇಂದಿನವರೆಗೆ ಆ ನಳಿಗೆಯಲ್ಲಿ ಹಾದುಹೋದ ಗುಂಡುಗಳಲ್ಲಿ ಅಂಗಡಿಯಿಂದ ತಂದ ಮೊದಲ ನಲವತ್ತನ್ನು ಬಿಟ್ಟರೆ ಉಳಿದೆಲ್ಲವೂ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸಿನ ನನ್ನ ಮನೆಯ ಗ್ಯಾರೇಜಿನಲ್ಲಿ ನಾನೇ ಕೂತು ಕಟ್ಟಿದ ತೋಟಾಗಳಿಂದ ಹೊರಟವು. ಆ ತೋಟಾಗಳಿಗಾಗಿ ಕೊಂಡ ಸಾಮಗ್ರಿಗಳಲ್ಲಿ ಯಾವುದು ಕೊಟ್ಟ ಹಣಕ್ಕೆ ತಕ್ಕುದಾಗಿತ್ತು, ಯಾವುದು ಕೇವಲ ಹೆಸರಿನ ಬೆಲೆಯಾಗಿತ್ತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಎಲ್ಲವನ್ನೂ ಸ್ವಂತ ದುಡ್ಡಿನಲ್ಲಿ ಕೊಂಡಿದ್ದೇನೆ. ಯಾರೂ ಪುಕ್ಕಟೆಯಾಗಿ ಕಳುಹಿಸಿಲ್ಲ.

ಮನೆಯಲ್ಲೇ ತೋಟಾ ಮಾಡಲು ಶುರು ಮಾಡಿದ್ದೇನೆ ಎಂದು ಊರಿಗೆ ಫೋನು ಮಾಡಿ ಹೇಳಿದಾಗ ಅಮ್ಮ ಅದನ್ನು ಕೈತೋಟವೆಂದು ತಿಳಿದು, ಆ ಬಿಸಿಲಿನಲ್ಲಿ ಬೆಂಡೆಕಾಯಿ ಬರುತ್ತದೆಯೇ ಎಂದು ಕೇಳಿದರು. ವಿಷಯ ತಿಳಿದ ಮೇಲೆ, ನಿನ್ನ ಅಜ್ಜ ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ ಎಂದರು. ಮಾತು ನಿಜ. ಮಲೆನಾಡಿನ ಕೇಪಿನ ಕೋವಿಯಲ್ಲಿ ಬಾಯಿಯ ಕಡೆಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆಯನ್ನೋ ಗುಂಡನ್ನೋ ಇಳಿಸಿ, ಕೊನೆಗೆ ಹಿಂಬದಿಯ ಮೊಲೆಗೆ ಕೇಪು ಕೂರಿಸುತ್ತಿದ್ದ ಅಜ್ಜ, ನಾನು ಈಗ ತೋಟಾ ಒತ್ತಿ ಕಟ್ಟುವ ಪ್ರೆಸ್ಸಿನ ಮುಂದೆ ಮಾಡುವ ಕೆಲಸವನ್ನು ಗದ್ದೆಯ ಅಂಚಿನಲ್ಲಿ ನಿಂತು ಮಾಡುತ್ತಿದ್ದರು. ಮದ್ದಿಗೆ ಕಿಡಿ ಹೊತ್ತಿಸುವ ನನ್ನ ಪ್ರೈಮರ್ ಅವರ ಕೇಪಿನ ಮೊಮ್ಮಗ. ಅವರಲ್ಲಿ ಇಲ್ಲದೆ ನನ್ನಲ್ಲಿ ಇರುವುದೆಂದರೆ ಈ ಎಲ್ಲವನ್ನೂ ಒಟ್ಟಿಗೆ ಹಿಡಿದಿಡುವ ಹಿತ್ತಾಳೆಯ ಕೇಸು ಒಂದೇ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಸ್ವಂತ ಬಳಕೆಗೆ ತೋಟಾ ಕಟ್ಟಿಕೊಳ್ಳಲು ಪರವಾನಗಿ ಬೇಕಿಲ್ಲ, ಕಟ್ಟಿ ಮಾರುವುದಕ್ಕೆ ಬೇಕು. ಆದರೆ ಎಚ್‌-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು, ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಷ್ಟೇ ಅಲ್ಲದೆ ತೋಟಾವನ್ನು ಇಟ್ಟುಕೊಳ್ಳುವುದೂ ಅಪರಾಧವೆಂಬುದನ್ನು ಇಲ್ಲಿನ ನಮ್ಮವರಲ್ಲಿ ಅನೇಕರು ತಿಳಿದಿಲ್ಲ. ಭಾರತದಲ್ಲಂತೂ 1959ರ ಆಯುಧ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಕಡ್ಡಾಯವಾದ್ದರಿಂದ, ಊರಿನಲ್ಲಿ ಬೆಳೆ ರಕ್ಷಣೆಯ ಪರವಾನಗಿ ಇರುವವರು ಈ ಬರಹವನ್ನು ಓದುವುದಕ್ಕಷ್ಟೇ ಇಟ್ಟುಕೊಳ್ಳಬೇಕು. ಮದ್ದಿನ ತೂಕದ ಅಂಕಿಗಳನ್ನೂ ನಾನು ಬೇಕೆಂದೇ ಕೊಟ್ಟಿಲ್ಲ. ಒಂದು ರೈಫಲ್ಲಿಗೆ ಹಿತವಾದ ತೂಕ ಇನ್ನೊಂದಕ್ಕೆ ಅಪಾಯಕಾರಿಯಾಗಬಹುದು. ಮದ್ದು ಮತ್ತು ಗುಂಡು ತಯಾರಿಸುವವರೇ ಪ್ರಕಟಿಸುವ ಕೋಷ್ಟಕಗಳಿವೆ, ಅಲ್ಲಿನ ಕನಿಷ್ಠ ತೂಕದಿಂದ ಆರಂಭಿಸಿ ಮೇಲೇರುವುದೇ ಎಲ್ಲರೂ ಒಪ್ಪಿದ ಕ್ರಮ.

ಹಾರ್ನಡಿ ಸಂಸ್ಥೆ 2007ರಲ್ಲಿ ಹೊರತಂದ 6.5 ಕ್ರೀಡ್‌ಮೂರ್ ದೂರದ ಗುರಿಯ ಸ್ಪರ್ಧೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪುಗೊಂಡ ತೋಟಾ. ಕೇಸು ಗಿಡ್ಡ, 1.920 ಅಂಗುಲ, ಗುಂಡು ಉದ್ದ ಮತ್ತು ತೆಳು, 0.264 ಅಂಗುಲ ವ್ಯಾಸ. ಉದ್ದ ಗುಂಡು ಕೇಸಿನ ಹೊಟ್ಟೆಯೊಳಗೆ ಇಳಿದು ಮದ್ದಿನ ಜಾಗವನ್ನು ಕಸಿಯದಂತೆ, ಮ್ಯಾಗಜೀನಿನಲ್ಲೂ ಸಲೀಸಾಗಿ ಹಿಡಿಸುವಂತೆ ಇದರ ಅಳತೆಗಳನ್ನು ಇಟ್ಟಿದ್ದಾರೆ. ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 62,000 ಪೌಂಡು. ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಈ ಒತ್ತಡ ಪ್ರತಿ ಸಲವೂ ಹುಟ್ಟಿ ಅಡಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡವರಿಗೆ ಸಾಮಗ್ರಿಯ ಆಯ್ಕೆಯಲ್ಲಿ ಆತುರ ತಾನಾಗಿಯೇ ಇಳಿಯುತ್ತದೆ.

ಆಯ್ಕೆಯನ್ನು ಗುಂಡಿನಿಂದ ಶುರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಹೊಸಬರು ಹೆಚ್ಚಾಗಿ ಮದ್ದಿನಿಂದ ಶುರು ಮಾಡುತ್ತಾರೆ, ಏಕೆಂದರೆ ಮದ್ದಿನ ಬಗ್ಗೆಯೇ ವಾದಗಳು ಜಾಸ್ತಿ. ಆದರೆ ನಳಿಗೆಯೊಳಗಿನ ಸುರುಳಿಯ ತಿರುವು ಯಾವ ಉದ್ದದ ಗುಂಡನ್ನು ನೆಟ್ಟಗೆ ಹಾರಿಸಬಲ್ಲದು ಎಂಬುದನ್ನು ರೈಫಲ್ ಕೊಂಡ ದಿನವೇ ನಿಶ್ಚಯಿಸಿಬಿಟ್ಟಿರುತ್ತದೆ. ಯಾವ ವೇಗದಲ್ಲಿ ಉರಿಯುವ ಮದ್ದು ಬೇಕೆಂಬುದನ್ನು ಗುಂಡಿನ ತೂಕವು ನಿಶ್ಚಯಿಸುತ್ತದೆ. ಉಳಿದದ್ದು ಅದರ ಹಿಂದೆ ಬರುತ್ತದೆ. ನನ್ನ ನಳಿಗೆಯಲ್ಲಿ ಎಂಟು ಅಂಗುಲಕ್ಕೆ ಒಂದು ಪೂರ್ತಿ ಸುತ್ತು. ಈ ತೋಟಾದಲ್ಲಿ ಸಾಮಾನ್ಯವಾಗಿ ಬಳಸುವ 140 ಗ್ರೇನ್ ಗುಂಡುಗಳಿಗೂ 147 ಗ್ರೇನ್ ಗುಂಡುಗಳಿಗೂ ಅದು ಸಾಕು. 140 ಗ್ರೇನ್ ಎಂದರೆ ಒಂಬತ್ತು ಗ್ರಾಮಿನಷ್ಟು ತೂಕ.

ಮೂರು ಬಗೆಯ 140 ಗ್ರೇನ್ ಗುಂಡುಗಳನ್ನು ತಲಾ ನೂರು ಕೊಂಡೆ. ಹಾರ್ನಡಿಯ ಇಎಲ್‌ಡಿ ಮ್ಯಾಚ್ ಗುಂಡಿನ ತುದಿಯಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಮೊನೆ ಇದೆ. ಹಳೆಯ ಬಗೆಯ ಪ್ಲಾಸ್ಟಿಕ್ ಮೊನೆಗಳು ಗಾಳಿಯ ಘರ್ಷಣೆಯ ಶಾಖಕ್ಕೆ ಹಾರಾಟದಲ್ಲೇ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತವೆ ಎಂಬುದನ್ನು ಆ ಸಂಸ್ಥೆ ಡಾಪ್ಲರ್ ರಾಡಾರ್ ಹಿಡಿದು ಕಂಡುಕೊಂಡು, ಶಾಖ ತಾಳುವ ಬೇರೆ ವಸ್ತುವಿಗೆ ಬದಲಾಯಿಸಿದ ಮೇಲೆ ಬಂದ ಗುಂಡು ಇದು. ಬರ್ಗರ್ ಸಂಸ್ಥೆಯ ಹೈಬ್ರಿಡ್ ಟಾರ್ಗೆಟ್ ನನ್ನ ಮನೆಯಿಂದ ಕಾರಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಮೇಸಾ ಪಟ್ಟಣದಲ್ಲಿ ತಯಾರಾಗುತ್ತದೆ. ಅದರ ಮೂಗಿನ ಬಾಗು ಎರಡು ಬಗೆಯ ವಕ್ರರೇಖೆಗಳನ್ನು ಬೆಸೆದು ಮಾಡಿದ್ದು, ಹೀಗಾಗಿ ಗುಂಡನ್ನು ಎಷ್ಟು ಆಳಕ್ಕೆ ಕೂರಿಸಿದ್ದೇವೆ ಎಂಬುದರ ಬಗ್ಗೆ ಅದು ಅಷ್ಟಾಗಿ ಮುನಿಸಿಕೊಳ್ಳುವುದಿಲ್ಲ. ಮೂರನೆಯದು ಮಿಸ್ಸೂರಿ ರಾಜ್ಯದ ಸೆಡೇಲಿಯಾದಲ್ಲಿ ತಯಾರಾಗುವ ಸಿಯೆರಾ ಮ್ಯಾಚ್‌ಕಿಂಗ್, ದಶಕಗಳಿಂದ ಗುರಿಗಾರರ ನಂಬಿಕೆ ಗಳಿಸಿರುವ ಹಳೆಯ ಹೆಸರು.

ನೂರು ಗಜದಲ್ಲಿ ಈ ಮೂರರ ನಡುವೆ ನನ್ನ ಕೈಗೆ ವ್ಯತ್ಯಾಸ ಸಿಗಲಿಲ್ಲ. ಹಲಗೆಯ ಮೇಲೆ ಹತ್ತು ಗುಂಡುಗಳ ತೂತಿನ ಗುಂಪುಗಳು ಮೂರರಲ್ಲೂ ಒಂದು ಅಂಗುಲದ ಒಳಗೇ ಬಿದ್ದವು. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ತಿಂಗಳು ಹಿಡಿಯಿತು, ಏಕೆಂದರೆ ದುಬಾರಿ ಪೆಟ್ಟಿಗೆಯ ಗುಂಡೇ ಚೆನ್ನಾಗಿ ಹಾರಬೇಕು ಎಂಬ ಆಸೆ ಒಳಗೊಳಗೇ ಇತ್ತು. ಆರುನೂರು ಗಜಕ್ಕೆ ಹೋದಾಗ ಮಾತ್ರ ಚಿತ್ರ ಬದಲಾಯಿತು: ಮರುಭೂಮಿಯ ಮಧ್ಯಾಹ್ನದ ಅಡ್ಡಗಾಳಿಯಲ್ಲಿ ಹಾರ್ನಡಿ ಮತ್ತು ಬರ್ಗರ್ ಗುಂಡುಗಳು ಮ್ಯಾಚ್‌ಕಿಂಗಿಗಿಂತ ಕಡಿಮೆ ಸರಿದವು. ಅವುಗಳ ಆಕಾರ ಗಾಳಿಯನ್ನು ಸೀಳಿಕೊಂಡು ಹೋಗುವ ಬಗೆ ಉತ್ತಮವಾದ್ದರಿಂದ ಇದು ನಿರೀಕ್ಷಿತವೇ. ನೂರು ಇನ್ನೂರು ಗಜದೊಳಗೇ ಆಡುವವರು ಆ ವ್ಯತ್ಯಾಸಕ್ಕೆ ಹಣ ತೆರಬೇಕಾಗಿಲ್ಲ. ನಾನು ಕೊನೆಗೆ ಇಎಲ್‌ಡಿ ಮ್ಯಾಚ್ ಆರಿಸಿದ್ದು ನಿಖರತೆಗಾಗಿ ಅಲ್ಲ. ಯಾವ ಅಂಗಡಿಗೆ ಹೋದರೂ ಅದರ ಪೆಟ್ಟಿಗೆ ಕಪಾಟಿನಲ್ಲಿ ಇರುತ್ತದೆ ಮತ್ತು ಬರ್ಗರ್‌ಗಿಂತ ಗಮನಾರ್ಹವಾಗಿ ಅಗ್ಗ ಎಂಬ ಕಾರಣಕ್ಕೆ.

ಬೇಟೆಗೆ ಇದೇ ಗುಂಡನ್ನು ಬಳಸಬಾರದು ಎಂಬುದನ್ನು ಸೇರಿಸಬೇಕು. ಗುರಿಹಲಗೆಗೆಂದು ಮಾಡಿದ ಗುಂಡು ಪ್ರಾಣಿಯ ದೇಹದಲ್ಲಿ ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಭರವಸೆಯಿಲ್ಲ, ಅರೆಗಾಯ ಮಾಡಿ ಕಾಡಿಗೆ ಅಟ್ಟುವುದಕ್ಕಿಂತ ಕೆಟ್ಟ ಈಡು ಬೇರೆ ಇಲ್ಲ. ಉತ್ತರ ಅರಿಜೋನಾದ ಕಾಂಡೋರ್ ರಣಹದ್ದುಗಳು ಬೇಟೆಗಾರರು ಬಿಟ್ಟುಹೋದ ಕರುಳು ಮಾಂಸದಲ್ಲಿನ ಸೀಸದ ಚೂರುಗಳನ್ನು ತಿಂದು ಸಾಯುತ್ತವೆಂಬ ಕಾರಣಕ್ಕೆ ಆ ಪ್ರದೇಶದಲ್ಲಿ ಸೀಸರಹಿತ ಗುಂಡುಗಳನ್ನು ಬಳಸುವಂತೆ ರಾಜ್ಯದ ವನ್ಯಜೀವಿ ಇಲಾಖೆ ಬೇಟೆಗಾರರ ಮನವೊಲಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಅದು ಕಡ್ಡಾಯವೇ ಆಗಿದೆ. ನಾನು ಜಿಂಕೆಯ ಹಂಗಾಮಿಗೆಂದು ಬಾರ್ನ್ಸ್ ಸಂಸ್ಥೆಯ 127 ಗ್ರೇನಿನ ತಾಮ್ರದ ಗುಂಡನ್ನು ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ 127 ಗ್ರೇನಿನ ಈ ಗುಂಡು ತನ್ನ ತೂಕಕ್ಕೆ ಮೀರಿ ಉದ್ದವಾಗಿದೆ, ಅದಕ್ಕೆ ಬೇರೆಯದೇ ಕೋಷ್ಟಕ ನೋಡಬೇಕು.

ಈಗ ಮದ್ದು. ಫೀನಿಕ್ಸಿನಲ್ಲಿ ಇರುವವನಿಗೆ ಮದ್ದಿನ ಆಯ್ಕೆ ಬಿಸಿಲಿನಿಂದ ನಿಶ್ಚಯವಾಗುತ್ತದೆ. 2023ರ ಬೇಸಿಗೆಯಲ್ಲಿ ಇಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಅಥವಾ ದಾಟಿತ್ತು. ಡಿಸೆಂಬರಿನಲ್ಲಿ ಇದೇ ರೈಫಲ್ಲನ್ನು ಹಿಡಿದು ಏಳು ಸಾವಿರ ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫಿನ ಕಡೆ ಹೋದರೆ ಕಾಲಡಿಯಲ್ಲಿ ಹಿಮ. ಸಾಮಾನ್ಯ ಮದ್ದು ಬಿಸಿಯಾದಷ್ಟೂ ಚುರುಕಾಗಿ ಉರಿದು ಒತ್ತಡವನ್ನು ಏರಿಸುತ್ತದೆ, ಆದ್ದರಿಂದ ಜನವರಿಯಲ್ಲಿ ಹಿತವಾಗಿದ್ದ ತೋಟಾ ಜುಲೈಯಲ್ಲಿ, ತೋಟಾವನ್ನು ಒಳಗೆ ಮುಚ್ಚಿ ಹಿಡಿಯುವ ಬೋಲ್ಟನ್ನು ತೆರೆಯಲಾಗದಂತೆ ಬಿಗಿಹಿಡಿಯಬಹುದು. ಹಾಜ್‌ಡನ್ ಸಂಸ್ಥೆ ಮಾರುವ ಎಚ್4350 ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ ತಯಾರಾಗುವ, ಉಷ್ಣಾಂಶದ ಏರಿಳಿತಕ್ಕೆ ಅಷ್ಟಾಗಿ ಬಗ್ಗದ ಮದ್ದು. ಕ್ರೀಡ್‌ಮೂರಿನ ಜೊತೆ ಅದರ ಹೆಸರು ಅಂಟಿಕೊಂಡಿರುವುದಕ್ಕೆ ಇದೇ ಮುಖ್ಯ ಕಾರಣ. ಜನವರಿಯ ಮುಂಜಾನೆ ಮತ್ತು ಜುಲೈಯ ಹಗಲು ಒಂದೇ ದಿನ ಕಟ್ಟಿದ ತೋಟಾಗಳನ್ನು ಹಾರಿಸಿ ಗಾರ್ಮಿನ್ನಿನ ಪುಟ್ಟ ರಾಡಾರ್ ಯಂತ್ರದಿಂದ ವೇಗ ಅಳೆದಾಗ ಸರಾಸರಿ ವ್ಯತ್ಯಾಸ ಸೆಕೆಂಡಿಗೆ ಇಪ್ಪತ್ತು ಅಡಿಯೊಳಗೇ ಇತ್ತು. 2,700 ಅಡಿಯ ಆಸುಪಾಸಿನ ವೇಗದಲ್ಲಿ ಅದು ನಗಣ್ಯ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಎಚ್4350, ಐಎಂಆರ್ 4350, ಅಕ್ಯುರೇಟ್ 4350 ಎಂಬ ಮೂರು ಮದ್ದುಗಳು ಮಾರುಕಟ್ಟೆಯಲ್ಲಿವೆ, ಮೂರರ ಮೇಲೂ ಒಂದೇ ಅಂಕಿ, ಮೂರೂ ಬೇರೆ ಬೇರೆ. ಒಂದರ ಕೋಷ್ಟಕವನ್ನು ಇನ್ನೊಂದಕ್ಕೆ ಬಳಸಬಾರದು. ಹಾಜ್‌ಡನ್ನಿನ ವ್ಯಾಪಾರ ಎರಡನೇ ಮಹಾಯುದ್ಧದ ನಂತರ ಸರ್ಕಾರದ ಬಳಿ ಉಳಿದ ಮದ್ದನ್ನು ಕೊಂಡು ಬಿಡಿಯಾಗಿ ಮಾರುವುದರಿಂದ ಹುಟ್ಟಿದ್ದು. ಹಳೆಯ ಅಂಕಿಗಳ ಮುಂದೆ ತನ್ನ ಹೆಸರಿನ ಮೊದಲ ಅಕ್ಷರ ಸೇರಿಸುವ ರೂಢಿ ಅಲ್ಲಿಂದ ಬಂತು. 2003ರಲ್ಲಿ ಐಎಂಆರ್, ಆಮೇಲೆ ಅಕ್ಯುರೇಟ್ ಕೂಡ ಅದೇ ಸಂಸ್ಥೆಯ ಕೈಸೇರಿದ್ದರಿಂದ ಈ ಮೂರೂ 4350 ಹೆಸರುಗಳು ಈಗ ಒಂದೇ ಮನೆಯವು. ನಾನು ಬೆಂಚಿನ ಮೇಲೆ ಯಾವತ್ತೂ ಒಂದೇ ಡಬ್ಬವನ್ನು ಇಡುತ್ತೇನೆ, ಉಳಿದವು ಕಪಾಟಿನಲ್ಲಿ.

ಎಚ್4350ರ ದೊಡ್ಡ ಕೊರತೆಯೆಂದರೆ ಅದು ಸಿಗದಿರುವುದು. ಇತ್ತೀಚಿನ ವರ್ಷಗಳಲ್ಲಿ ಯುದ್ಧಗಳಿಂದಾಗಿ ನೈಟ್ರೋಸೆಲ್ಯುಲೋಸಿನ ಬೇಡಿಕೆ ಏರಿ, ಹವ್ಯಾಸಿಗಳ ಮದ್ದಿಗೆ ಬರ ಬಂದಿದೆ. ನಾನು ಎಂಟು ಪೌಂಡಿನ ಡಬ್ಬಕ್ಕಾಗಿ ಮೂರು ತಿಂಗಳು ಕಾದೆ. ಆ ಅವಧಿಯಲ್ಲಿ ವಿಂಚೆಸ್ಟರ್ ಹೆಸರಿನಲ್ಲಿ ಬರುವ ಸ್ಟಾಬಾಲ್ 6.5 ಬಳಸಿದೆ. ಅದು ಕಡ್ಡಿಯಾಕಾರದ್ದಲ್ಲ, ರಾಗಿಗಿಂತ ಸಣ್ಣ ಉಂಡೆಗಳ ಮದ್ದು; ಅಳತೆಯ ಯಂತ್ರದಲ್ಲಿ ನೀರಿನಂತೆ ಹರಿಯುತ್ತದೆ, ಪ್ರತಿ ಸಲ ಒಂದೇ ತೂಕ ಬೀಳುತ್ತದೆ. ಕಡ್ಡಿಮದ್ದು ಹಾಗಲ್ಲ, ಕಡ್ಡಿಗಳು ಅಡ್ಡ ಸಿಕ್ಕಿ ಕರಕರ ಎನ್ನುತ್ತ ಕತ್ತರಿಸುತ್ತವೆ, ಎಚ್4350ರ ಕಡ್ಡಿಗಳು ಗಿಡ್ಡವಾಗಿದ್ದರೂ ನಾನು ಪ್ರತಿಯೊಂದನ್ನೂ ತಕ್ಕಡಿಯಲ್ಲಿ ತೂಗುತ್ತೇನೆ. ಒಂದು ಸಂಜೆಗೆ ಸ್ಟಾಬಾಲ್‌ನಲ್ಲಿ ಕಟ್ಟುವಷ್ಟು ತೋಟಾಗಳ ಅರ್ಧದಷ್ಟನ್ನು ಎಚ್4350ರಲ್ಲಿ ಕಟ್ಟಬಹುದು. ಎರಡರ ನಡುವೆ ಆರಿಸು ಎಂದರೆ ನಾನು ಎಚ್4350 ಅನ್ನೇ ಹಿಡಿಯುತ್ತೇನೆ, ಆದರೆ ಅದು ಸಿಗದೆ ಕೈಕಟ್ಟಿ ಕೂರುವವರಿಗೆ ಸ್ಟಾಬಾಲ್ ಬಗ್ಗೆ ಯಾವ ಹಿಂಜರಿಕೆಯೂ ಬೇಡ.

ತೂಕದ ಮಾತು ಬಂದದ್ದರಿಂದ ಒಂದು ಹೋಲಿಕೆ. ಗ್ರೇನ್ ಎಂಬುದು ಸುಮಾರು 65 ಮಿಲಿಗ್ರಾಮ್. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಎರಡು ಗ್ರೇನಿಗೆ ಸ್ವಲ್ಪ ಕಡಿಮೆ. ಕೋಷ್ಟಕದ ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ ಇರುವ ಅಂತರ ಕೆಲವೇ ಗ್ರೇನುಗಳು. ಗುಲಗಂಜಿಯಷ್ಟು ಹೆಚ್ಚಾದರೆ ಏನಾದೀತು ಎಂಬ ಮಾತು ಈ ಕೆಲಸದಲ್ಲಿ ಆಡಬಾರದ ಮಾತು, ಮದ್ದಿನ ತಕ್ಕಡಿ ಗ್ರೇನಿನ ಹತ್ತನೇ ಒಂದು ಭಾಗವನ್ನು ತೋರಿಸಲೇಬೇಕು, ಮತ್ತು ಅದನ್ನು ಪ್ರತಿ ಸಲವೂ ಗೊತ್ತಿರುವ ತೂಕವೊಂದನ್ನಿಟ್ಟು ಪರೀಕ್ಷಿಸಲೇಬೇಕು.

ನಾಲ್ಕರಲ್ಲಿ ಯಾವುದಕ್ಕೆ ಹೆಚ್ಚು ಹಣ ಹಾಕಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಹಿತ್ತಾಳೆ. ಗುಂಡು, ಮದ್ದು, ಪ್ರೈಮರ್ ಒಮ್ಮೆ ಹೋದರೆ ಹೋದವು. ಕೇಸು ಮಾತ್ರ ಮರಳಿ ಕೈಗೆ ಬರುತ್ತದೆ. ಶುರುವಿನಲ್ಲಿ ಹಣ ಉಳಿಸಲು ನಾನು ಒಂದು ಅಗ್ಗದ ತಯಾರಿಕೆಯ ಹೊಸ ಕೇಸುಗಳನ್ನು ಕೊಂಡಿದ್ದೆ, ಹೆಸರು ಬೇಡ. ಬಾಯಿ ನಜ್ಜಾದ ಕೇಸುಗಳು ಚೀಲದಲ್ಲೇ ಏಳೆಂಟು ಇದ್ದವು, ಅತಿ ಹಗುರವಾದದ್ದಕ್ಕೂ ಅತಿ ಭಾರವಾದದ್ದಕ್ಕೂ ಕೆಲವು ಗ್ರೇನುಗಳ ಅಂತರವಿತ್ತು. ಹೊರಗಿನ ಅಳತೆ ಎಲ್ಲಕ್ಕೂ ಒಂದೇ ಆಗಿರುವಾಗ ತೂಕದ ಅಂತರವೆಂದರೆ ಒಳಗಿನ ಜಾಗದ ಅಂತರ. ಜಾಗ ಕಡಿಮೆಯಾದಲ್ಲಿ ಅದೇ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಐದನೇ ಬಾರಿ ಕಟ್ಟುವ ಹೊತ್ತಿಗೆ ಕೆಲವು ಕೇಸುಗಳಲ್ಲಿ ಪ್ರೈಮರ್ ಕೂರುವ ಗುಳಿ ಎಷ್ಟು ಸಡಿಲವಾಗಿತ್ತೆಂದರೆ ಹೆಬ್ಬೆರಳಿನಲ್ಲಿ ಒತ್ತಿದರೂ ಪ್ರೈಮರ್ ಇಳಿಯುತ್ತಿತ್ತು. ಅಲ್ಲಿಗೆ ಅವನ್ನು ಗುಜರಿಗೆ ಹಾಕಿದೆ.

ಆ ಮೇಲೆ ಕೊಂಡದ್ದು ಫಿನ್‌ಲ್ಯಾಂಡಿನ ಲಾಪುವಾ ಕೇಸುಗಳು. ನೂರರ ಪೆಟ್ಟಿಗೆಗೆ ನೂರು ಡಾಲರಿಗೂ ಮೇಲೆ ತೆರಬೇಕಾಯಿತು, ಕೈ ನಡುಗಿತು. ಆದರೆ ಪೆಟ್ಟಿಗೆ ತೆರೆದಾಗ ಕತ್ತಿನ ಬಳಿ ಶಾಖ ಕೊಟ್ಟು ಹದ ಮಾಡಿದ ನೀಲಿ ಛಾಯೆ ಎಲ್ಲದರಲ್ಲೂ ಒಂದೇ ಎತ್ತರಕ್ಕಿತ್ತು, ಬಾಯಿಗಳು ದುಂಡಗಿದ್ದವು, ಕಿಡಿ ದಾಟುವ ತೂತಿನ ಸುತ್ತ ಚಕ್ಕೆಗಳು ಇರಲಿಲ್ಲ. ಈಗ ಅವನ್ನು ಒಂಬತ್ತು ಬಾರಿ ಕಟ್ಟಿದ್ದೇನೆ, ಒಂದನ್ನೂ ಎಸೆದಿಲ್ಲ. ಅಗ್ಗದ ಕೇಸಿನಲ್ಲಿ ಗುಂಡಿನ ವೇಗದ ಏರಿಳಿತ ಸೆಕೆಂಡಿಗೆ ಹದಿನೈದು ಅಡಿಯ ಆಸುಪಾಸು ಇದ್ದದ್ದು, ಇದರಲ್ಲಿ ಅದೇ ಮದ್ದು ಅದೇ ಗುಂಡಿಗೆ ಎಂಟು ಒಂಬತ್ತಕ್ಕೆ ಇಳಿಯಿತು; ಪ್ರೈಮರ್‌ನ ಗಾತ್ರವೂ ಬೇರೆಯಾದ್ದರಿಂದ ಪೂರ್ತಿ ಶ್ರೇಯಸ್ಸು ಹಿತ್ತಾಳೆಯದೇ ಎನ್ನಲಾರೆ. ಆರುನೂರು ಗಜದಲ್ಲಿ ಈ ಅಂಕಿ ಗುಂಪಿನ ಎತ್ತರವಾಗಿ ಹಲಗೆಯ ಮೇಲೆ ಕಣ್ಣಿಗೆ ಕಾಣುತ್ತದೆ.

ಲಾಪುವಾ ಕೊಳ್ಳುವವರು ತಿಳಿದಿರಬೇಕಾದದ್ದು ಒಂದಿದೆ, ತಿಳಿಯದೆ ನಾನು ಪೇಚಾಡಿದೆ. ಬಹುಪಾಲು ತಯಾರಕರ ಕ್ರೀಡ್‌ಮೂರ್ ಕೇಸಿನಲ್ಲಿ ದೊಡ್ಡ ರೈಫಲ್ ಪ್ರೈಮರ್ ಕೂರುತ್ತದೆ. ಲಾಪುವಾ ಸಣ್ಣ ಪ್ರೈಮರ್‌ನ ಗುಳಿ ಕೊಟ್ಟಿದೆ. ಬುಡದಲ್ಲಿ ಹಿತ್ತಾಳೆ ಹೆಚ್ಚು ಉಳಿಯುವುದರಿಂದ ಗುಳಿ ಬೇಗ ಸಡಿಲವಾಗುವುದಿಲ್ಲ, ಬಾಳಿಕೆಯ ಗುಟ್ಟು ಅದೇ. ಕಿಡಿ ದಾಟುವ ತೂತೂ ಚಿಕ್ಕದು, 1.5 ಮಿಲಿಮೀಟರ್, ಸಾಮಾನ್ಯ ಕೇಸಿನಲ್ಲಿ ಅದು ಎರಡು ಮಿಲಿಮೀಟರ್. ಹಳೆಯ ಪ್ರೈಮರ್ ತಳ್ಳಿ ಹೊರಹಾಕುವ ನನ್ನ ಡೈಯ (ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚಿನ) ಸೂಜಿ ದೊಡ್ಡ ತೂತಿಗೆ ತಕ್ಕದ್ದಾಗಿತ್ತು. ಮೊದಲ ಕೇಸಿನಲ್ಲೇ ಅದು ಸಿಕ್ಕಿಬಿದ್ದು, ನಾನು ಸನ್ನೆಯನ್ನು ಇನ್ನೂ ಒತ್ತಿ, ಸೂಜಿ ಮುರಿಯಿತು. ತಪ್ಪು ಪೂರ್ತಿ ನನ್ನದೇ. ತೆಳು ಸೂಜಿಯನ್ನು ಬೇರೆಯಾಗಿ ಮಾರುತ್ತಾರೆ, ಕೇಸಿನ ಜೊತೆಗೇ ಕೊಂಡುಬಿಡಿ.

ಪ್ರೈಮರ್‌ಗೆ ಹೆಚ್ಚು ಮಾತು ಬೇಕಿಲ್ಲ. ಸಣ್ಣ ಗುಳಿಯ ಕೇಸಿಗೆ ಸಿಸಿಐ 450 ಮತ್ತು ಫೆಡರಲ್ 205ಎಂ ಎರಡನ್ನೂ ಬಳಸಿದೆ. ಮೊದಲನೆಯದು ಮ್ಯಾಗ್ನಮ್ ಬಗೆ, ದಪ್ಪ ಬಟ್ಟಲಿನದು. ಎರಡನೆಯದು ಸ್ಪರ್ಧಿಗಳ ದುಬಾರಿ ಆಯ್ಕೆ. ರಾಡಾರಿನ ಅಂಕಿಯಲ್ಲೂ ಹಲಗೆಯಲ್ಲೂ ಎರಡಕ್ಕೂ ಭೇದ ಕಾಣಲಿಲ್ಲ. ನಿಧಾನವಾಗಿ ಉರಿಯುವ ಮದ್ದನ್ನು ಚಳಿಯಲ್ಲಿ ಹೊತ್ತಿಸಲು ಸಣ್ಣ ಪ್ರೈಮರ್‌ನ ಕಿಡಿ ಸಾಲದೆ ಹೋಗಬಹುದೆಂಬ ಮಾತಿದೆ. ಫ್ಲ್ಯಾಗ್‌ಸ್ಟಾಫಿನ ಚಳಿಯಲ್ಲಿ ಸಿಸಿಐ 450 ಒಮ್ಮೆಯೂ ತಡವರಿಸಲಿಲ್ಲ, ಆದ್ದರಿಂದ ಅದಕ್ಕೇ ನಿಂತಿದ್ದೇನೆ. 2020ಕ್ಕೆ ಮುಂಚೆ ಒಂದಕ್ಕೆ ಮೂರು ನಾಲ್ಕು ಸೆಂಟಿಗೆ ಸಿಗುತ್ತಿದ್ದ ಪ್ರೈಮರ್‌ಗೆ ಈಗ ಎಂಟು ಹತ್ತು ಸೆಂಟು ತೆರುತ್ತಿದ್ದೇವೆ. ಹೀಗಿರುವಾಗ ಕೇಸಿಗೆ ಹೊಂದುವ, ಅಂಗಡಿಯಲ್ಲಿ ಇರುವ, ಕೋಷ್ಟಕದಲ್ಲಿ ಹೆಸರಿರುವ ಯಾವ ಪ್ರೈಮರ್ ಆದರೂ ಸರಿ. ಒಂದು ತಮಾಷೆಯ ಸಂಗತಿ: ಅಮೆರಿಕನ್ನರು ಬಳಸುವ ಈ ಬಗೆಯ ಪ್ರೈಮರ್‌ಗೆ ಬಾಕ್ಸರ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಹೆಸರು, ಯೂರೋಪಿನಲ್ಲಿ ಹರಡಿದ, ಮರುಬಳಕೆಗೆ ತೊಡಕಾದ ಇನ್ನೊಂದು ಬಗೆಗೆ ಬರ್ಡನ್ ಎಂಬ ಅಮೆರಿಕನ್ನನ ಹೆಸರು.

ಹೊಸ ರೈಫಲ್ ಎಂಬ ಕಾರಣಕ್ಕೆ ಮಾಡಬೇಕಾದ ಎರಡು ಕೆಲಸಗಳಿವೆ. ಹೊಸ ನಳಿಗೆ ಮೊದಲ ನೂರು ನೂರೈವತ್ತು ಗುಂಡುಗಳವರೆಗೆ ತನ್ನ ಹದಕ್ಕೆ ಬರುತ್ತಿರುತ್ತದೆ ಮತ್ತು ಸಾಮಾನ್ಯವಾಗಿ ಆ ಅವಧಿಯಲ್ಲಿ ವೇಗ ಏರುತ್ತ ಹೋಗುತ್ತದೆ. ನಾನು ಅರವತ್ತನೇ ಗುಂಡಿಗೇ ತೂಕವನ್ನು ಅಂತಿಮಗೊಳಿಸಿ ಇನ್ನೂರು ತೋಟಾ ಕಟ್ಟಿಟ್ಟೆ. ನೂರೈವತ್ತರ ಹೊತ್ತಿಗೆ ಅದೇ ತೋಟಾ ಸೆಕೆಂಡಿಗೆ ನಲವತ್ತು ಅಡಿ ಹೆಚ್ಚು ವೇಗದಲ್ಲಿ ಹೋಗತೊಡಗಿತು. ಗರಿಷ್ಠಕ್ಕಿಂತ ಬಹಳ ಕೆಳಗೆ ನಿಂತಿದ್ದರಿಂದ ತೊಂದರೆಯಾಗಲಿಲ್ಲ, ಆದರೆ ದೂರದ ಲೆಕ್ಕವನ್ನೆಲ್ಲ ಮತ್ತೆ ಬರೆಯಬೇಕಾಯಿತು. ಎರಡನೆಯದು, ಮೊದಲ ಸಲ ಹಾರಿಸಿದ ಕೇಸು ನಿಮ್ಮ ರೈಫಲ್ಲಿನಲ್ಲಿ ತೋಟಾ ಕೂರುವ ಗರ್ಭದ ಅಚ್ಚು. ಅದರ ಹೆಗಲಿನ ಎತ್ತರವನ್ನು ಅಳೆದಿಟ್ಟುಕೊಂಡು, ಮುಂದೆ ಡೈಯಲ್ಲಿ ಒತ್ತುವಾಗ ಅದಕ್ಕಿಂತ ಅಂಗುಲದ ಸಾವಿರದಲ್ಲಿ ಎರಡು ಭಾಗ ಮಾತ್ರ ಕೆಳಗೆ ತಂದರೆ ಕೇಸು ಸಲೀಸಾಗಿ ಒಳಹೋಗುತ್ತದೆ, ಹಿಗ್ಗಿ ಕುಗ್ಗಿ ಬಳಲಿ ಬುಡದ ಬಳಿ ಬಿರಿಯುವುದಿಲ್ಲ.

ಮೂರು ಗುಂಡುಗಳ ಗುಂಪನ್ನು ನೋಡಿ ಸಾಮಗ್ರಿಯ ಯೋಗ್ಯತೆಯನ್ನು ತೀರ್ಮಾನಿಸುವ ಚಾಳಿಯನ್ನು ನಾನು ಈ ವರ್ಷ ಬಿಟ್ಟೆ. ಬೆನ್ ಏವರಿ ಶೂಟಿಂಗ್ ತಾಣದಲ್ಲಿ ಒಂದೇ ತೋಟಾದ ಮೂರು ಮೂರರ ಹತ್ತು ಗುಂಪುಗಳನ್ನು ಹಾರಿಸಿ ನೋಡಿದೆ. ಅತಿ ಚಿಕ್ಕದಕ್ಕಿಂತ ಅತಿ ದೊಡ್ಡದು ಮೂರು ಪಟ್ಟು ಇತ್ತು. ಬೇರೆ ಬೇರೆ ಮದ್ದಾಗಿದ್ದಿದ್ದರೆ ಇದು ಒಳ್ಳೆಯದು ಅದು ಕೆಟ್ಟದ್ದು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಪಕ್ಕದ ಬೆಂಚಿನ ಹಿರಿಯರೊಬ್ಬರು, ಹತ್ತಕ್ಕಿಂತ ಕಡಿಮೆ ತೂತುಗಳ ಹಲಗೆಯನ್ನು ನನಗೆ ತೋರಿಸಬೇಡ ಎಂದು ನಕ್ಕರು.

ಖರ್ಚಿನ ಲೆಕ್ಕ ಹೀಗಿದೆ. ಒಂದು ಪೌಂಡ್ ಎಂದರೆ 7,000 ಗ್ರೇನ್, ಅದರಲ್ಲಿ ಈ ಅಳತೆಯ ನೂರೈವತ್ತರಿಂದ ನೂರೆಪ್ಪತ್ತು ತೋಟಾ ಆಗುತ್ತವೆ. ಹಿತ್ತಾಳೆಯ ಬೆಲೆಯನ್ನು ಹತ್ತು ಬಾರಿಗೆ ಹಂಚಿದರೆ ನನಗೆ ಒಂದು ತೋಟಾ ಒಂದು ಡಾಲರಿಗಿಂತ ತುಸು ಮೇಲೆ ಬೀಳುತ್ತಿದೆ. ಇದೇ ಗುಣದ ಕಾರ್ಖಾನೆಯ ತೋಟಾಗೆ ಅದರ ಸುಮಾರು ಎರಡರಷ್ಟು. ಪ್ರೆಸ್ಸು, ಡೈ, ತಕ್ಕಡಿಗಳ ಹಣ ಇದರಲ್ಲಿ ಸೇರಿಲ್ಲ. ಉಳಿತಾಯಕ್ಕೆಂದು ಇದಕ್ಕೆ ಇಳಿಯುತ್ತೇನೆ ಎನ್ನುವವರನ್ನು ಮನೆಯವರು ನಂಬಬಾರದು. ಮದ್ದು ಮತ್ತು ಪ್ರೈಮರ್‌ಗಳನ್ನು ಆನ್‌ಲೈನಿನಲ್ಲಿ ತರಿಸಿದರೆ ಪ್ರತಿ ರವಾನೆಗೂ ಅಪಾಯಕಾರಿ ಸರಕಿನ ಶುಲ್ಕ ಬೀಳುತ್ತದೆ. ಒಂದು ಪೌಂಡ್ ತರಿಸಿದರೂ ಅದೇ ಶುಲ್ಕ, ಇಪ್ಪತ್ತು ತರಿಸಿದರೂ ಹೆಚ್ಚುಕಡಿಮೆ ಅದೇ, ಆದ್ದರಿಂದ ಗೆಳೆಯರು ಸೇರಿ ಒಟ್ಟಿಗೆ ತರಿಸುವುದು ರೂಢಿ. ಒಮ್ಮೆ ಒಬ್ಬ ಮಾರಾಟಗಾರರಿಂದ ಬಂದ ಗುಂಡಿನ ಪೆಟ್ಟಿಗೆ ಒಡೆದು ಅರ್ಧ ಮೊನೆಗಳು ನಜ್ಜಾಗಿದ್ದವು, ವಾಪಸು ಮಾಡಲು ಐದು ವಾರ ಅಲೆದಾಡಿಸಿದರು. ಹತ್ತಿರದ ಅಂಗಡಿಯಲ್ಲಿ ನಾಲ್ಕು ಡಾಲರ್ ಹೆಚ್ಚು ಕೊಟ್ಟು, ಪೆಟ್ಟಿಗೆ ತೆರೆದು ನೋಡಿ ತರುವುದು ನನಗೆ ಈಗ ಹಿತವೆನಿಸುತ್ತದೆ.

ಮನೆಯಲ್ಲಿ ಎಷ್ಟು ಇಡಬಹುದು ಎಂಬುದಕ್ಕೆ ಅಗ್ನಿ ಸುರಕ್ಷತೆಯ ಎನ್‌ಎಫ್‌ಪಿಎ 495 ಮಾನದಂಡ ಮಿತಿ ಹಾಕಿದೆ: ಮೂಲ ಡಬ್ಬಗಳಲ್ಲಿ 20 ಪೌಂಡಿನವರೆಗೆ ಹೊಗೆರಹಿತ ಮದ್ದು, ಅದಕ್ಕೂ ಮೇಲೆ 50ರವರೆಗೆ ಒಂದು ಅಂಗುಲ ದಪ್ಪದ ಮರದ ಪೆಟ್ಟಿಗೆಯಲ್ಲಿ, ಪ್ರೈಮರ್ 10,000. ಊರೂರಿನ ನಿಯಮ ಇನ್ನೂ ಬಿಗಿಯಾಗಿರಬಹುದು. ಫೀನಿಕ್ಸಿನ ಗ್ಯಾರೇಜು ಬೇಸಿಗೆಯಲ್ಲಿ ಒಲೆಯಾಗುವುದರಿಂದ ನಾನು ಮದ್ದನ್ನು ಮನೆಯೊಳಗಿನ ತಂಪಾದ, ಬೀಗ ಹಾಕಿದ ಕಪಾಟಿನಲ್ಲಿ ಇಟ್ಟು, ಕಟ್ಟುವ ದಿನ ಮಾತ್ರ ಹೊರತರುತ್ತೇನೆ. ಲಾಪುವಾ ಪಟ್ಟಣದ ಇದೇ ತೋಟಾ ಕಾರ್ಖಾನೆಯಲ್ಲಿ 1976ರ ಏಪ್ರಿಲ್ 13ರಂದು ಮದ್ದು ಸಿಡಿದು 40 ಜನ ಸತ್ತರು ಎಂಬುದನ್ನು ಓದಿದ ಮೇಲೆ ಬೆಂಚಿನ ಮೇಲೆ ಮದ್ದಿನ ಡಬ್ಬದ ಮುಚ್ಚಳ ತೆರೆದಿಟ್ಟು ಏಳುವ ಅಭ್ಯಾಸವೂ ಹೋಯಿತು. ಪ್ರೈಮರ್‌ನ ಮಸಿಯಲ್ಲಿ ಸೀಸವಿರುತ್ತದೆ. ಕೇಸು ತೊಳೆದ ಕೈಯನ್ನು ಸಾಬೂನು ಹಾಕಿ ತೊಳೆಯದೆ ಕಾಫಿ ಲೋಟ ಮುಟ್ಟುವುದಿಲ್ಲ, ಮಕ್ಕಳನ್ನು ಆ ಮೂಲೆಗೆ ಬಿಡುವುದಿಲ್ಲ.

ಸದ್ಯಕ್ಕೆ ನನ್ನ ರೈಫಲ್ಲಿಗೆ ನಿಂತಿರುವ ಜೋಡಿ ಇದು: ಲಾಪುವಾ ಕೇಸು, ಸಿಸಿಐ 450, ಎಚ್4350, ಹಾರ್ನಡಿಯ 140 ಗ್ರೇನ್ ಇಎಲ್‌ಡಿ ಮ್ಯಾಚ್. ಇದೇ ಹಣದಲ್ಲಿ ಮತ್ತೆ ಶುರು ಮಾಡುವುದಾದರೆ ಗುಂಡಿನ ಮೂರು ಬಗೆಗಳನ್ನು ಪರೀಕ್ಷಿಸುವ ಬದಲು ಒಂದನ್ನೇ, ಒಂದೇ ಲಾಟಿನ, ಅಂದರೆ ಒಂದೇ ಕಂತಿನಲ್ಲಿ ತಯಾರಾದ, ಐನೂರು ಕೊಳ್ಳುತ್ತೇನೆ, ಮತ್ತು ಆ ಅಗ್ಗದ ಕೇಸುಗಳನ್ನು ಮುಟ್ಟುವುದಿಲ್ಲ. ಎಂಟು ಪೌಂಡಿನ ಮದ್ದು ಕಳೆದ ವಾರ ತಳ ಕಂಡಿತು. ಹೊಸ ಡಬ್ಬ ಬಂದಿದೆ, ಮೇಲಿನ ಲಾಟ್ ಸಂಖ್ಯೆ ಬೇರೆ. ಅದೇ ಹೆಸರಿನ ಮದ್ದಾದರೂ ಲಾಟಿನಿಂದ ಲಾಟಿಗೆ ಚುರುಕು ತುಸು ಬದಲಾಗುವುದರಿಂದ, ಹಳೆಯ ತೂಕದಿಂದ ಕೆಳಗಿಳಿದು ಐದೈದು ತೋಟಾಗಳಂತೆ ಇಪ್ಪತ್ತೈದನ್ನು ಕಟ್ಟಿ, ಪ್ರತಿ ಐದರ ಬುಡಕ್ಕೂ ಬೇರೆ ಬಣ್ಣದ ಗುರುತು ಹಾಕಿಟ್ಟಿದ್ದೇನೆ. ಶನಿವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಅವನ್ನು ಹಾರಿಸಿ, ರಾಡಾರಿನ ಅಂಕಿಗಳನ್ನು ಹಳೆಯ ಪುಸ್ತಕದ ಮುಂದಿನ ಪುಟದಲ್ಲಿ ಬರೆಯುವವರೆಗೆ ಹೊಸ ಡಬ್ಬಕ್ಕೆ ಈ ವಿಮರ್ಶೆಯಲ್ಲಿ ಅಂಕ ಕೊಡುವುದಿಲ್ಲ.